ಒಂದು ವರ್ಷ ಹಿಂದಿನ ಮಾಡೆಲ್

ಪೆಟ್ರೋಲ್ ಜೊತೆಗೆ ಬ್ಯಾಟರಿಯಿಂದಲೂ ಓಡುವ ಆ ಹಳೆಯ ಹೈಬ್ರಿಡ್ ಕಾರನ್ನು ಶಿವಾಜಿನಗರದಲ್ಲಿ ಕೊಂಡಾಗ ನನಗಿದ್ದದ್ದು ಪೆಟ್ರೋಲ್ ಉಳಿಯುತ್ತದೆ ಎಂಬ ಒಂದೇ ಆಸೆ. ಆಫೀಸಿನ ಗೆಳೆಯನ ಬಳಿಯೂ ಅಂಥದೇ ಕಾರಿತ್ತು, ಒಂದು ವರ್ಷ ಈಚಿನ ಮಾಡೆಲ್. ಅವನಿಗೆ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಬರುತ್ತಿತ್ತು. ನನ್ನದು ಹದಿನಾಲ್ಕು ದಾಟಲಿಲ್ಲ.

ತಪ್ಪು ನನ್ನ ಕಾಲಿನದೇ ಎಂದುಕೊಂಡೆ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುವುದನ್ನು ರೂಢಿಸಿಕೊಂಡೆ. ಕೆ.ಆರ್. ಪುರದ ಮನೆಯಿಂದ ದೊಮ್ಮಲೂರಿನ ಆಫೀಸಿಗೆ ಹೋಗುವಾಗ ಇಡೀ ಬೇಸಿಗೆ ಎ.ಸಿ. ಹಾಕಲಿಲ್ಲ. ಹಲಸೂರಿನಲ್ಲಿ ಕೆಲಸ ಮಾಡುವ ಹೆಂಡತಿಯೂ ಜೊತೆಗಿರುತ್ತಿದ್ದಳು, ಆರು ತಿಂಗಳ ಬಸುರಿ. ಟ್ರಾಫಿಕ್ಕಿನಲ್ಲಿ ನಿಂತಾಗ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. “ಇನ್ನೊಂದೀಟು ತಡ್ಕೋ, ಮೈಲೇಜ್ ಏರಾಕತ್ತೈತಿ” ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಕೊನೆಗೊಂದು ಶನಿವಾರ ಇಬ್ಬರೂ ಮೆಕ್ಯಾನಿಕ್ ಬಳಿ ಹೋದೆವು. ಅವರು ಬಾನೆಟ್ ಮುಚ್ಚಿ ಹೇಳಿದರು: “ಗಾಡೀಲಿ ಏನೂ ಪ್ರಾಬ್ಲಮ್ ಇಲ್ಲ ಸಾರ್. ನಿಮ್ಮ ಮಾಡೆಲ್‌ದು ಹಳೇ ಥರದ ಬ್ಯಾಟರಿ, ಚಿಕ್ಕ ಮೋಟರು. ಮುಂದಿನ ವರ್ಷದ್ರಲ್ಲಿ ಕಂಪನಿಯವ್ರು ಎರಡೂ ಬದಲಾಯಿಸಿದ್ರು. ನೀವು ಹೆಂಗೆ ಓಡಿಸಿದ್ರೂ ಅಷ್ಟು ಬರಲ್ಲ.”

ಹೆಂಡತಿ ನನ್ನ ಕಡೆ ತಿರುಗಿದಳು. “ಹಂಗಾದ್ರ ನಾ ಇಷ್ಟು ದಿನ ಸುಮ್ಮನ ಬೆವರಿದೆನೇನ್ರಿ?”

ಮರುವಾರವೇ ಕಾರು ಮಾರಲು ಹೊರಟೆ. ನೋಡಲು ಬಂದ ಇಬ್ಬರೂ ಮೊದಲು ಕೇಳಿದ್ದು ಯಾವ ವರ್ಷದ್ದೆಂದು. ಹೇಳಿದೆ. ಒಬ್ಬರೂ ಬಾಗಿಲು ತೆಗೆದು ಒಳಗೆ ಕೂರಲಿಲ್ಲ. ಹೆಂಡತಿ ಈಗ ಮೆಟ್ರೋದಲ್ಲಿ ಹೋಗುತ್ತಾಳೆ. ಎಷ್ಟು ಕರೆದರೂ ಕಾರು ಹತ್ತುವುದಿಲ್ಲ.