ರಾಸ್ ಅಲ್ ಖೋರ್ ಗೋಡೌನಿನಲ್ಲಿ ನಾರ್ವೆಯ ದಾರಿ

ಆ ಸೈಕಲ್‌ಗೆ ನಾನು ಕೊಟ್ಟದ್ದು ಆರುನೂರು ದಿರ್ಹಮ್. ಮಾರುವ ಮನೆಯವರು ಕೇಳಿದ್ದು ಅದರ ಮೂರು ಪಟ್ಟು. ಅಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಎಂದರೆ, ಅವರು ಮರುದಿನವೇ ದೇಶ ಬಿಡುವವರಿದ್ದರು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಹಳೆ ಸಾಮಾನಿನ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ.

ಮುಂದೆ ಬರೆಯುವುದೆಲ್ಲ ನಡೆದದ್ದೇ. ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ, ಚೌಕಾಸಿ ಮಾಡಿ ಅರ್ಧ ನಂಬಿದರೂ ಸಾಕು. ಹೆದರಿದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಬೇರೆ ಕಡೆ ಇದೆ... ಅದನ್ನೂ ಹೇಳುತ್ತೇನೆ.

ನನ್ನ ಹೆಸರು ಹಮೀದ್. ಊರು ಉಪ್ಪಿನಂಗಡಿ ಹತ್ತಿರ. ದುಬೈಗೆ ಬಂದ ಹೊಸತರಲ್ಲಿ ಸತ್ವಾ ಎಂಬಲ್ಲಿಯ ಒಂದು ವಿಲ್ಲಾದಲ್ಲಿ ಬೆಡ್‌ಸ್ಪೇಸ್, ಎಂದರೆ ಒಂದು ಮಂಚದಷ್ಟು ಜಾಗ ಹಿಡಿದು, ಬೇರೆಯವರ ಹಳೆ ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದೆ. ಈಗ ರಾಸ್ ಅಲ್ ಖೋರ್‌ನಲ್ಲಿ ನನ್ನದೇ ಗೋಡೌನ್ ಇದೆ. ವೀಸಾ ಮುಗಿಸಿ ಊರಿಗೆ ಹೊರಟವರ ಮನೆ ಸಾಮಾನನ್ನು ಒಟ್ಟಿಗೆ ಕೊಳ್ಳುವುದು, ಬಿಡಿಬಿಡಿಯಾಗಿ ಮಾರುವುದು ನನ್ನ ಕೆಲಸ.

ಆ ಮನೆ ಇದ್ದದ್ದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಟವರಿನಲ್ಲಿ. ಮನೆಯೊಡತಿ ಶೈಲಜಾ, ಮೈಸೂರಿನವರು. ಜೊತೆಗೆ ಕಾಲೇಜು ಓದುವ ಮಗಳು ನಿಧಿ. ಗಂಡ ರಘುನಂದನ್ ಎಂಜಿನಿಯರ್ ಆಗಿದ್ದವರು, ಕೆಲವು ತಿಂಗಳ ಹಿಂದೆ ಆಫೀಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಸೋಫಾ, ಮಂಚ, ವಾಷಿಂಗ್ ಮೆಷಿನ್ ಎಲ್ಲ ಬೇಗ ಕುದುರಿತು. ಉಳಿದದ್ದು ಕಿಟಕಿಯ ಪಕ್ಕದ ಸೈಕಲ್.

ಅದು ರಸ್ತೆಯ ಸೈಕಲ್ ಅಲ್ಲ. ಮನೆಯೊಳಗೆ ನಿಂತಲ್ಲೇ ತುಳಿಯುವಂಥದ್ದು. ಮುಂದೆ ದೊಡ್ಡ ಸ್ಕ್ರೀನ್. ನೀವು ತುಳಿದಷ್ಟೂ ಸ್ಕ್ರೀನಿನಲ್ಲಿ ಒಂದು ನಿಜವಾದ ದಾರಿ ಮುಂದೆ ಸಾಗುತ್ತದೆ. ನಿಲ್ಲಿಸಿದರೆ ದಾರಿಯೂ ನಿಲ್ಲುತ್ತದೆ. ಏರು ಬಂದರೆ ಪೆಡಲ್ ಬಿಗಿಯಾಗುತ್ತದೆ. ಇಲ್ಲಿನ ಬೇಸಿಗೆಯಲ್ಲಿ ಹೊರಗೆ ಸೈಕಲ್ ಹೊಡೆಯಲಾಗದವರು ಇಂಥದ್ದನ್ನು ಇಟ್ಟುಕೊಳ್ಳುತ್ತಾರೆ.

ಸ್ಕ್ರೀನಿನಲ್ಲಿ ಹಸಿರು ಕಣಿವೆಯೊಂದು ನಿಂತಿತ್ತು.

"ನಾರ್ವೆ ಅದು," ಎಂದರು ಶೈಲಜಾ. "ಹಿಂದೆ ರೈಲು ಹಳಿ ಹಾಕೋವಾಗ ಕೂಲಿಯವರು ಓಡಾಡಿದ ದಾರಿಯಂತೆ. ಈಗ ಬರೀ ಸೈಕಲ್ಲು, ನಡೆಯೋರು. ಮೇಲೆ ಹಿಮ, ಕೆಳಗೆ ಸಮುದ್ರ. ರಿಟೈರ್ ಆದ್ಮೇಲೆ ಇಬ್ರೂ ಹೋಗೋಣ, ನಿಂಗೆ ತುಳಿಯೋಕಾಗ್ದಿದ್ರೆ ನಡ್ಕೊಂಡು ಬಾ, ನಾನು ಕೆಳಗೆ ಫೆರಿ ದೋಣಿ ಹತ್ರ ಕಾಯ್ತಿರ್ತೀನಿ ಅಂತಿದ್ರು ಇವ್ರು. ಅದಕ್ಕೇ ದಿನಾ ಸಂಜೆ ಪ್ರಾಕ್ಟೀಸು."

"ಒಳ್ಳೇದಮ್ಮ. ಆದರೆ ಇದರ ಮಾಡೆಲ್ ಹಳೇದಾಯ್ತು. ಯಾರೂ ಕೇಳುವುದಿಲ್ಲ," ಎಂದೆ. ಅದು ಸುಳ್ಳು. ಬೆಳಿಗ್ಗೆ ನೋಡಲು ಬರುತ್ತೇನೆಂದು ಒಬ್ಬ ಗಿರಾಕಿ ಆಗಲೇ ಹೇಳಿಯಾಗಿತ್ತು.

ಆರುನೂರಕ್ಕೆ ಅವರು ತಲೆಯಾಡಿಸಿದರು. ನಾನು ಅಂಗೈ ತಟ್ಟಿ, "ಖಲಾಸ್!" ಎಂದೆ.

ಗಲ್ಫಿನಲ್ಲಿ ಈ ಒಂದು ಮಾತಿಗೆ ನೂರು ಕೆಲಸ. ವ್ಯಾಪಾರ ಕುದುರಿತು ಎನ್ನಲೂ ಖಲಾಸ್. ಸಾಮಾನು ಹೊರುವವನಿಗೆ, ಸಾಕು ನಿಲ್ಲಿಸು ಎನ್ನಲೂ ಖಲಾಸ್. ಮನುಷ್ಯನ ಕಥೆ ಮುಗಿಯಿತು ಎನ್ನುವುದಕ್ಕೂ ಅದೇ. ಶೈಲಜಾ ಮುಖ ಅತ್ತ ತಿರುಗಿಸಿದರು. ನನಗೆ ಅರ್ಥವಾಯಿತು. ಆದರೂ ಏನೂ ಆಗದವನಂತೆ ಟೇಪು ಸುತ್ತತೊಡಗಿದೆ.

ಆಗ ಮಗಳು ಮುಂದೆ ಬಂದಳು. "ಅಂಕಲ್, ಒಂದು ರಿಕ್ವೆಸ್ಟ್. ಇವತ್ತೊಂದು ರಾತ್ರಿ ಬಿಟ್ಟು ಹೋಗ್ತೀರಾ? ಅಪ್ಪಂದು ಲಾಸ್ಟ್ ಬಿಟ್ ಬಾಕಿ ಇದೆ. ಈ ಕಣಿವೆ ಇಳಿದು ಫೆರಿವರೆಗೂ ಅಷ್ಟೆ. ಇಷ್ಟು ದಿನ ನಂಗೆ ಹತ್ತೋಕೇ ಆಗ್ಲಿಲ್ಲ. ಇವತ್ತು ಆಗತ್ತೆ ಅನ್ಸತ್ತೆ."

"ಬೆಳಿಗ್ಗೆ ಬೇಗ ಬಂದು ತಗೊಂಡು ಹೋಗಿ ಹಮೀದ್ ಭಾಯ್," ಎಂದರು ತಾಯಿ.

"ಆಗುವುದಿಲ್ಲ ಮಗಳೇ. ಸಾಮಾನು ಇಳಿಸುವ ಸರ್ವಿಸ್ ಲಿಫ್ಟಿನ ಪರ್ಮಿಟ್ ಇವತ್ತು ಸಂಜೆಗೆ ಮಾತ್ರ. ಈಗ ಕೊಟ್ಟರೆ ಈ ರೇಟು, ನಾಳೆ ಆದರೆ ನನಗೆ ಬೇಡ."

ಪರ್ಮಿಟ್ ನಾಳೆಗೆ ಬದಲಿಸಿಕೊಳ್ಳಬಹುದಿತ್ತು. ಆ ಟವರಿನ ಸೆಕ್ಯೂರಿಟಿ ನನ್ನ ಪರಿಚಯದವನೇ. ನಿಜ ಏನೆಂದರೆ, ರಾತ್ರಿ ಕಳೆದರೆ ಇವರ ಮನಸ್ಸು ಬದಲಾದೀತು ಎಂಬ ಹೆದರಿಕೆ. ಕೈಗೆ ಬಂದ ಮಾಲನ್ನು ಬಿಟ್ಟು ಹೋಗುವವನು ವ್ಯಾಪಾರಿಯಲ್ಲ ಎಂದು ಕಲಿತವನು ನಾನು.

"ಇಟ್ಸ್ ಓಕೆ ಅಮ್ಮಾ. ಲೀವ್ ಇಟ್," ಎಂದು ನಿಧಿ ಒಳಗೆ ಹೋದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಿತು. ಜೋರಾಗಿ ಹಾಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪಿಕಪ್ ಓಡಿಸುವವನು ಕಾಪುವಿನ ಸದಾನಂದ. ಗೋಡೌನಿನಲ್ಲಿ ಸೈಕಲ್ ಇಳಿಸುವಾಗ ಅವನ ಗೊಣಗಾಟ: "ಎಂತ ಸಾವು ಮಾರಾಯ್ರೆ ಇದು! ತುಳಿದರೆ ಎಲ್ಲಿಗೂ ಹೋಗುವುದಿಲ್ಲ, ಎತ್ತಿದರೆ ಸೊಂಟ ಹೋಗ್ತದೆ. ಇದಕ್ಕೆ ದುಡ್ಡು ಕೊಟ್ಟವರು ನೀವಾ, ಅವರಾ?"

"ನೀನು ಬಾಯಿ ಮುಚ್ಚಿ ಎತ್ತು ಸದಾ, ನಾಳೆ ಡಬಲ್ ಆಗ್ತದೆ ನೋಡು."

"ಡಬಲ್ ಆದರೆ ನನಗೆ ಒಂದು ಬಿರಿಯಾನಿಯಾದರೂ ಕೊಡಿಸಿ ಹಮೀದಾಕ!" ಎಂದು ಊರ ಕಡೆಯ ಸಲಿಗೆಯಲ್ಲಿ ಕರೆದು, ನಗುತ್ತ ಅವನು ಗಾಡಿ ತೆಗೆದ.

ನಾನೊಬ್ಬನೇ ಉಳಿದೆ. ಗಿರಾಕಿಗೆ ಕಳಿಸಲು ಫೋಟೊ ಬೇಕಿತ್ತು. ಪ್ಲಗ್ ಹಾಕಿ ನೋಡಿದೆ, ಸ್ಕ್ರೀನ್ ಹೊತ್ತಿಕೊಂಡಿತು, ಅದೇ ಕಣಿವೆ. ಫೋಟೊ ತೆಗೆದು ಪ್ಲಗ್ ಕಿತ್ತು ವಯರನ್ನು ಸುತ್ತಿ ಸೀಟಿನ ಮೇಲಿಟ್ಟೆ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪ್ಲಗ್ ಕಿತ್ತದ್ದು ಈ ಕೈಯೇ.

ಹೊರಗೆ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಮೂಲೆಯ ಮೇಜಿನ ಹತ್ತಿರ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಿದ್ದೆ. ಹಳೆ ಸೋಫಾಗಳ ಬೆವರು ವಾಸನೆ, ಡೀಸೆಲ್ ವಾಸನೆ, ಏಸಿಯ ಗುಂಯ್ ಸದ್ದು...

ಟಕ್.

ತಲೆಯೆತ್ತಿದೆ. ವಯರಿನ ಸುರುಳಿ ನೆಲಕ್ಕೆ ಬಿದ್ದಿತ್ತು.

ಇಲಿ ಇರಬೇಕು ಎಂದುಕೊಂಡೆ. ಎತ್ತಿಡಲು ಎದ್ದವನು ಅರ್ಧದಲ್ಲೇ ನಿಂತೆ. ಸೀಟಿನ ರೆಕ್ಸಿನ್ ನಿಧಾನಕ್ಕೆ ಒಳಗೆ ಕುಸಿಯುತ್ತಿತ್ತು... ಯಾರೋ ಭಾರದವರು ಹುಷಾರಾಗಿ ಕುಳಿತುಕೊಂಡ ಹಾಗೆ.

ಪೆಡಲ್ ಒಂದು ಸುತ್ತು ತಿರುಗಿತು. ಮತ್ತೊಂದು ಸುತ್ತು...

ಸ್ಕ್ರೀನ್ ಹೊತ್ತಿಕೊಂಡಿತು. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಒಂದು ನೀಲಿ ಬೆಳಕು ಹೊರಟು, ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ಮೇಲೆಲ್ಲ ಬಿತ್ತು. ಕಣಿವೆಯ ದಾರಿ ಮೆಲ್ಲಗೆ ಚಲಿಸಿತು. ತಿರುವು. ಮತ್ತೆ ತಿರುವು. ಪಕ್ಕದಲ್ಲೇ ಜಲಪಾತ. ಅದರ ಸದ್ದು ಸ್ಕ್ರೀನಿನಿಂದ ಬರಲಿಲ್ಲ, ನನ್ನ ಬೆನ್ನ ಹಿಂದಿನ ತಗಡಿನ ಗೋಡೆಯಿಂದ ಬಂತು. ಎಲ್ಲೋ ಕುರಿಯ ಕೊರಳ ಗಂಟೆ... ಕಿಣಿ... ಕಿಣಿ...

ಆಮೇಲೆ ವಾಸನೆ. ಹಸಿ ಹುಲ್ಲು, ತಣ್ಣನೆಯ ಕಲ್ಲು, ಒದ್ದೆ ಉಣ್ಣೆ. ರಾಸ್ ಅಲ್ ಖೋರ್‌ನಲ್ಲಿ ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಮೂಗಿಗೆ ಬಾರದ ವಾಸನೆ. ಅದರ ನಡುವೆ ಎದೆಗೆ ಹಚ್ಚುವ ಮುಲಾಮಿನ ಘಾಟು.

ಮತ್ತೆ... ಉಸಿರು. ದಮ್ಮು ಕಟ್ಟಿ, ಬಿಟ್ಟು, ಕಟ್ಟಿ, ಬಿಟ್ಟು. ಅವಸರವಿಲ್ಲ. ದಿನವೂ ಮಾಡುವ ಕೆಲಸವನ್ನು ಮಾಡುತ್ತಿರುವವನ ಉಸಿರು.

ಗಿಡ್ಡ ಕೆಂಪು ಮರದ ಕೊಟ್ಟಿಗೆಗಳು ಬಂದವು. ಒಂದು ಬಿಳಿ ಚರ್ಚು ಹಿಂದೆ ಸರಿಯಿತು. ದಾರಿ ಸಮವಾಯಿತು. ದೂರದಲ್ಲಿ ನೀರು, ನೀರಿನಂಚಿನಲ್ಲಿ ಮರದ ಕಟ್ಟೆ, ಅದಕ್ಕೆ ಒತ್ತಿ ನಿಂತ ದೋಣಿ. ಪೆಡಲಿನ ವೇಗ ಹೆಚ್ಚಿತು. ಉಸಿರಿನಲ್ಲಿ ಒಂದು... ಹೇಗೆ ಹೇಳಲಿ, ಒಂದು ಸಂತೋಷ ಇತ್ತು.

ನನಗೆ ಗೊತ್ತಿತ್ತು. ಯಾರು, ಏಕೆ, ಎಲ್ಲಿಯವರೆಗೆ, ಎಲ್ಲ ಗೊತ್ತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಹೆದರಿಕೆಯಾದಾಗ ಓದುವ ಕುರ್‌ಆನಿನ ಆಯತುಲ್ ಕುರ್ಸಿ ಓದಲು ಬಾಯಿ ತೆರೆದೆ. ಮಗುವಾಗಿದ್ದಾಗಿನಿಂದ ಓದಿದ್ದು. ಒಂದು ಶಬ್ದವೂ ಹೊರಡಲಿಲ್ಲ. ಬಾಯಿಗೆ ಬಂದದ್ದು ನನ್ನ ಅಂಗಡಿಯ ಮಾತು. ಕೆಲಸದವರಿಗೆ ಕೂಗುವ ಅದೇ ದನಿಯಲ್ಲಿ, ಅದೇ ಗತ್ತಿನಲ್ಲಿ:

"ಖಲಾಸ್! ಖಲಾಸ್!"

ಪೆಡಲ್ ನಿಂತಿತು.

ಕೂಡಲೇ ನಿಂತಿತು. ದೋಣಿಗೆ ಇನ್ನು ಸ್ವಲ್ಪವೇ ಇತ್ತು. ಉಸಿರು ಒಂದು ಗಳಿಗೆ ತಡೆಯಿತು, ಏನೋ ಕೇಳಬೇಕೆಂದು ಕೇಳದೆ ಬಿಟ್ಟವರ ಹಾಗೆ. ಸೀಟು ನಿಧಾನಕ್ಕೆ ಮೇಲೆದ್ದಿತು. ನೀಲಿ ಬೆಳಕು ಆರಿತು. ಹೇಳಿದ ಮಾತಿಗೆ ಎದುರಾಡದೆ ಇಳಿದು ಹೋದರು.

ನಾನು ಶಟರ್ ಎಳೆದು ಹಾಕಿ, ಓಡಿ ಹೋಗಿ ಕಾರಿನಲ್ಲಿ ಕೂತೆ. ಬೆಳಗಾಗುವವರೆಗೆ ಇಂಜಿನ್ ಆಫ್ ಮಾಡಲಿಲ್ಲ.

ಬೆಳಿಗ್ಗೆ ಫೋನ್ ಬಂತು. ನಿಧಿ.

"ಅಂಕಲ್, ನೀವು... ರಾತ್ರಿ ಅಪ್ಪನ ಸೈಕಲ್ ತುಳಿದ್ರಾ?"

"ಯಾಕಮ್ಮ?"

"ನನ್ನ ಫೋನಲ್ಲಿ ಅಪ್ಪನ ಸೈಕಲ್ ಆ್ಯಪ್ ಇದೆ, ದಾರಿ ಮ್ಯಾಪ್ ತೋರ್ಸತ್ತೆ. ಅಪ್ಪನ ಹೆಸರಿನ ಡಾಟ್ ರಾತ್ರಿ ಮೂವ್ ಆಗ್ತಿತ್ತು. ನಾನು, ಅಮ್ಮ ಇಬ್ರೂ ಕೂತು ನೋಡಿದ್ವಿ. ಅಮ್ಮ ಅಂದ್ರು, ಹಮೀದ್ ಭಾಯ್ ನಮಗೋಸ್ಕರ ತುಳೀತಿದ್ದಾರೆ ಅಂತ. ಅಷ್ಟೊಂದು ಅತ್ರು ಗೊತ್ತಾ. ಥ್ಯಾಂಕ್ಯೂ ಅಂಕಲ್."

ಇಲ್ಲಿ ನಿಜ ಹೇಳಬಹುದಿತ್ತು. ಹುಚ್ಚ ಅನ್ನುತ್ತಿದ್ದಳು, ಅನ್ನಲಿ. ಅಥವಾ ನಂಬುತ್ತಿದ್ದಳು.

"ಹೌದು ಮಗಳೇ," ಎಂದೆ. "ನಾನೇ."

"ಆದ್ರೆ ಫೆರಿ ಹತ್ರ ಯಾಕೆ ನಿಲ್ಸಿದ್ರಿ? ಅಷ್ಟು ಹತ್ರ ಹೋಗಿ?"

"ಕಾಲು ಹಿಡಿಯಿತು."

"ಈಗ ಮುಗಿಸ್ತೀರಾ ಪ್ಲೀಸ್? ನಾವು ಏರ್‌ಪೋರ್ಟಲ್ಲಿದ್ದೀವಿ. ಫ್ಲೈಟ್ ಹತ್ತೋಕೆ ಮುಂಚೆ ನೋಡ್ಬಿಡ್ತೀವಿ."

ಫೋನ್ ಸ್ಪೀಕರಿನಲ್ಲಿಟ್ಟು ಶಟರ್ ಎತ್ತಿದೆ. ಪ್ಲಗ್ ಹಾಕಿದೆ. ಸ್ಕ್ರೀನ್ ಬಂತು. ಕಟ್ಟೆ, ದೋಣಿ, ನೀರು. ಹತ್ತಿ ಕೂತು ತುಳಿದೆ.

ಪೆಡಲ್ ತಿರುಗುತ್ತಿತ್ತು. ದಾರಿ ಕದಲಲಿಲ್ಲ.

"ಶುರು ಮಾಡಿದ್ರಾ ಅಂಕಲ್? ಡಾಟ್ ಮೂವ್ ಆಗ್ತಿಲ್ಲ."

"ಮಾಡಿದ್ದೇನೆ ಮಗಳೇ... ನೋಡು... ಈಗ..."

ಷರ್ಟು ಬೆನ್ನಿಗೆ ಅಂಟಿತು. ತೊಡೆ ಉರಿಯಿತು. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ತುಳಿದೆ. ನೀರಿನ ಮೇಲೆ ಒಂದು ಅಲೆಯೂ ಏಳಲಿಲ್ಲ. ಫೋನಿನ ಆಚೆ ಬೋರ್ಡಿಂಗ್ ಕರೆ ಕೇಳಿಸಿತು. ಫೋನನ್ನು ಶೈಲಜಾ ತೆಗೆದುಕೊಂಡರು.

"ಬಿಡಿ ಹಮೀದ್ ಭಾಯ್, ಸಾಕು. ಅಷ್ಟು ದೂರ ಕರ್ಕೊಂಡು ಹೋದ್ರಲ್ಲ. ನಮ್ಮೋರು ಯಾರೂ ಇಷ್ಟು ಮಾಡ್ಲಿಲ್ಲ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ನನ್ನ ಬಾಯಿಂದ ತಾನಾಗಿ "ಆಮೀನ್" ಎಂದು ಬಂತು. ಆ ಒಂದು ಶಬ್ದಕ್ಕೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಗಿರಾಕಿ ಬಂದ. ಕೊಡುವುದಿಲ್ಲ ಎಂದೆ. ಆತ ಬೆಲೆ ಏರಿಸುತ್ತ ಹೋದ, ನಾನು ಇಲ್ಲ ಎನ್ನುತ್ತ ಹೋದೆ. ಸದಾನಂದನಿಗೆ ಆಶ್ಚರ್ಯ: "ನಿಮಗೆ ಜ್ವರ ಉಂಟಾ ಹಮೀದಾಕ?" ಆ ಕಂಪೆನಿಯವರನ್ನು ಕರೆಸಿ ಸೈಕಲ್ ಬಿಚ್ಚಿಸಿದೆ. ಏನೂ ತೊಂದರೆಯಿಲ್ಲ ಎಂದರು. ಅವರು ತುಳಿದಾಗ ಬೇರೆ ದಾರಿಗಳೆಲ್ಲ ಓಡುತ್ತವೆ. ಇದೊಂದೇ ನಿಂತಿದೆ. ಶೈಲಜಾ ಅವರ ನಂಬರ್ ನನ್ನಲ್ಲಿದೆ. ಎಷ್ಟೋ ಸಲ ತೆಗೆದು ನೋಡಿ ಇಟ್ಟಿದ್ದೇನೆ. ನಿಜ ಹೇಳಿದರೆ ಅವರಿಗೆ ಸಿಕ್ಕ ಅಷ್ಟು ಸಮಾಧಾನವೂ ಹೋದೀತು ಎನ್ನುವುದು ನಾನು ನನಗೆ ಹೇಳಿಕೊಳ್ಳುವ ಕಾರಣ. ಅದು ಕಾರಣವೋ, ಇನ್ನೊಂದು ಚೌಕಾಸಿಯೋ ನನಗೇ ತಿಳಿಯದು.

ಕೆಲವು ದಿನ ಶಟರ್ ಎತ್ತುವಾಗ ಒಳಗಿನಿಂದ ಹಸಿ ಹುಲ್ಲಿನ ವಾಸನೆ ಬರುತ್ತದೆ. ಆಗ ಬಾಗಿಲಲ್ಲೇ ನಿಲ್ಲುತ್ತೇನೆ. ಒಂದು ಮಾತೂ ಆಡುವುದಿಲ್ಲ.

ಹಳೆ ಸಾಮಾನು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಮನೆ ಖಾಲಿ ಮಾಡುವವರ ಹತ್ತಿರ ಹಗಲು ಹೊತ್ತಿನಲ್ಲೇ ಹೋಗಿ, ವಸ್ತು ಯಾರದು, ಈಗ ಅವರು ಎಲ್ಲಿದ್ದಾರೆ ಎಂದು ಮೊದಲು ಕೇಳಿ, ಬೆಲೆ ಆಮೇಲೆ. ಚೌಕಾಸಿ ಮಾಡಿ, ಅದರಲ್ಲಿ ತಪ್ಪಿಲ್ಲ. ಆದರೆ ಯಾರಾದರೂ ಒಂದು ರಾತ್ರಿ ಇಟ್ಟುಕೊಳ್ಳುತ್ತೇವೆ ಎಂದರೆ ಅಡ್ವಾನ್ಸ್ ಕೊಟ್ಟು ರಸೀದಿ ತೆಗೆದುಕೊಂಡು ಬನ್ನಿ. ಲಿಫ್ಟಿನ ಪರ್ಮಿಟ್ ಬದಲಾಗುತ್ತದೆ, ಸೆಕ್ಯೂರಿಟಿಗೆ ಒಂದು ಚಹಾ ಕುಡಿಸಿದರೆ ಆಯಿತು. ಬೆಳಿಗ್ಗೆ ಅವರ ಮನಸ್ಸು ಬದಲಾಗಿದ್ದರೆ ಅಡ್ವಾನ್ಸ್ ವಾಪಸು ಪಡೆದು, ಕೈ ಕುಲುಕಿ, ಬರಿಗೈಯಲ್ಲಿ ಇಳಿದು ಬನ್ನಿ. ಖಾಲಿ ಪಿಕಪ್ ಓಡಿಸಿಕೊಂಡು ಬರುವುದು ಅಷ್ಟೇನೂ ಕಷ್ಟವಲ್ಲ.