ಉಪ್ಪುನೀರು ಬೇಡದ ಮೀನು

ಅತ್ತಿಗೆಯ ಬೆರಳ ತುದಿಗಳು ನೀರಿನಲ್ಲಿ ನೆನೆನೆನೆದು ಬಿಳಿಚಿ ಬಿರುಕು ಬಿಟ್ಟಿರುತ್ತಿದ್ದವು, ಥೇಟ್ ನಮ್ಮ ಮನೆಯ ಹೆಂಗಸರ ಕೈಯ ಹಾಗೆ. ಮೀನಿನ ವಾಸನೆ ಮಾತ್ರ ಇಲ್ಲ. ಅಣ್ಣ ಮದುವೆಯಾಗಿ ನಮ್ಮೂರು ಉಪ್ಪುಂದಕ್ಕೆ ಕರೆತಂದ ದಿನ ಅಮ್ಮ ಆ ಕೈ ಹಿಡಿದು ಮೂಸಿಯೇ ನೋಡಿದಳು. ಸೊಸೆಗೆ ಮೀನಿನ ಕೆಲಸ ಎಂದು ಮಗ ಬೊಗಳೆ ಬಿಟ್ಟಿದ್ದಾನೆಂದು ಅವಳಿಗೆ ಗುಮಾನಿ.

ಬೊಗಳೆಯಲ್ಲ. ಪುಣೆಯ ಪ್ರಯೋಗಾಲಯದಲ್ಲಿ ಅತ್ತಿಗೆ ಜೀಬ್ರಾ ಮೀನು ಸಾಕುತ್ತಿದ್ದರು. ಬೆರಳುದ್ದವೂ ಇಲ್ಲದ ಪಟ್ಟೆ ಪಟ್ಟೆ ಮೀನು. ಮರಿಗಳ ಮೈ ಗಾಜಿನಷ್ಟು ತಿಳಿ, ಮಿದುಳು ಹೊರಗಿನಿಂದಲೇ ಕಾಣುತ್ತದಂತೆ. ಮಕ್ಕಳಿಗೆ ಫಿಟ್ಸ್ ಯಾಕೆ ಬರುತ್ತದೆಂದು ಅವರು ಅಲ್ಲಿ ಹುಡುಕುತ್ತಿದ್ದರು.

ಒಮ್ಮೆ ರಜೆಗೆ ಬಂದಾಗ ನಮ್ಮೂರ ಶಾಲೆಯಲ್ಲಿ ತೋರಿಸಲೆಂದು ಕುಂದಾಪುರದ ಅಂಗಡಿಯಿಂದ ಅದೇ ಜಾತಿಯ ಮೀನು ತಂದು ಜಾಡಿಯಲ್ಲಿಟ್ಟರು. ಜೀವಮಾನವಿಡೀ ದೋಣಿಯಲ್ಲಿ ಕಳೆದ ಅಪ್ಪಯ್ಯ ಬಗ್ಗಿ ನೋಡಿ ಸೊಸೆಯನ್ನು ಕೇಳಿದರು.

"ಎಂತ ಹೆಣೆ, ಇದ್ ಒಂದ್ ಸಾರಿಗಾರೂ ಆತ್ತಾ?"

"ಸಾರಿಗಲ್ಲ ಮಾವಯ್ಯ, ತಲಿ ಒಳ್ಗ್ ಕಾಂಬುಕೆ."

ಮರುದಿನ ಬೆಳಿಗ್ಗೆ, ಮೀನು ಸೊರಗಿದೆಯೆಂದು ಕನಿಕರಪಟ್ಟು ಅಪ್ಪಯ್ಯ ಜಾಡಿಗೆ ಕಡಲ ನೀರು ಹೊಯ್ದುಬಿಟ್ಟರು. ಸಿಹಿನೀರಿನ ಮೀನು, ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಅಪ್ಪಯ್ಯನ ಮುಖ ನೋಡುವ ಹಾಗಿರಲಿಲ್ಲ.

"ನಾ ಮೊದ್ಲೇ ಹೇಳ್ಕಿತ್ತ್ ಮಾವಯ್ಯ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು ಅತ್ತಿಗೆ, ಅಷ್ಟೇ.

ಶಾಲೆಗೆ ಖಾಲಿ ಜಾಡಿ ಹಿಡಿದುಕೊಂಡೇ ಹೋದರು. ನೀರು ಹೊಯ್ದವರು ಯಾರೆಂದು ಬಾಯಿಬಿಡದೆ ಕಥೆ ಹೇಳಿದರು. ಹಂಗಾರಕಟ್ಟೆಯ ಅವರ ತವರಿನಲ್ಲಿ ಗದ್ದೆಗೆ ಹೊಳೆಯ ಉಪ್ಪುನೀರು ನುಗ್ಗದಂತೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ಮಿದುಳಿನ ಕೋಶಗಳಿಗೂ ಉಪ್ಪಿನ ಕಿಂಡಿಗಳಿವೆ, ತೆರೆಯುವ ಹೊತ್ತಿಗೆ ತೆರೆದು ಮುಚ್ಚುವ ಹೊತ್ತಿಗೆ ಮುಚ್ಚಬೇಕು, ಕೆಟ್ಟರೆ ಫಿಟ್ಸ್ ಎಂದರು. ಮೀನಿನಲ್ಲಿ ಕಂಡುಕೊಂಡ ಮದ್ದು ಮನುಷ್ಯರಿಗೆ ಆಗುತ್ತದಾ ಎಂದು ಒಬ್ಬ ಮೇಷ್ಟ್ರು ಕೇಳಿದರು. "ಗೊತಿಲ್ಲೆ. ಕಾಂಬ." ಗೊತ್ತಿಲ್ಲ, ನೋಡೋಣ: ಇದು ಅತ್ತಿಗೆಯ ಖಾಯಂ ಮಾತು. ಅಷ್ಟು ಓದಿದವರು ಅಷ್ಟು ಸಲೀಸಾಗಿ ಗೊತ್ತಿಲ್ಲ ಎನ್ನುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದೆ ನನ್ನ ಮಗಳಿಗೇ ಫಿಟ್ಸ್ ಶುರುವಾಯಿತು. ಕೂಸಾಗಿದ್ದಾಗ ಜ್ವರದ ಜೊತೆ ಬಂದದ್ದು ಆಮೇಲೆ ಜ್ವರವಿಲ್ಲದೆಯೂ ಬಂತು. ಮದ್ದು ಹೆಚ್ಚಿಸಿದಷ್ಟೂ ಅದೂ ಹೆಚ್ಚಿತು. ಮೂರು ತುಂಬಿದರೂ ಮಾತಿಲ್ಲ. ತಾಯತ ಕಟ್ಟಿದವರೆಲ್ಲ ಸರಿಹೋಗುತ್ತದೆ ಎಂದು ಭರವಸೆ ಕೊಟ್ಟಿದ್ದರು. ಅತ್ತಿಗೆಗೆ ಫೋನ್ ಮಾಡಿ, ಇವಳು ಮಾತಾಡುತ್ತಾಳಾ ಎಂದು ಕೇಳಿದೆ.

"ಗೊತಿಲ್ಲೆ ತಮ್ಮಾ. ಕಾಂಬ."

ಮೈಯೆಲ್ಲ ಉರಿದುಹೋಯಿತು. ಆದರೆ ಅವರು ಫೋನ್ ಇಡಲಿಲ್ಲ. ಯಾವ ಮದ್ದು, ಯಾವಾಗ ಹೆಚ್ಚಾಯಿತು ಎಂದು ಒಂದೊಂದಾಗಿ ಕೇಳಿದರು. ಮಿದುಳಿನಲ್ಲಿ 'ಸಾಕು, ಸುಮ್ಮನಿರು' ಎನ್ನುವ ಕೋಶಗಳೂ ಇರುತ್ತವೆ, ಕೆಲವು ಮಕ್ಕಳಲ್ಲಿ ಅವುಗಳ ಕಿಂಡಿಯೇ ಸರಿಯಾಗಿ ತೆರೆಯುವುದಿಲ್ಲ, ಈ ಮದ್ದು ಅದನ್ನು ಇನ್ನಷ್ಟು ಮುಚ್ಚುತ್ತಿರಬಹುದು ಎಂದರು. "ನಾ ಮೀನಿನ್ ಡಾಕ್ಟ್ರು. ಮದ್ದ್ ನೀನಾಗೇ ನಿಲ್ಸ್‌ಬೇಡ. ಡಾಕ್ಟ್ರ ಹತ್ರ ಇದೊಂದ್ ಮಾತ್ ಕೇಂಡ್ಕಂಡ್ ಬಾ."

ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ರಕ್ತ ಪರೀಕ್ಷೆಯಲ್ಲಿ ಅದೇ ದೋಷ ಕಂಡಿತು, ಮದ್ದು ಮೆಲ್ಲನೆ ಬದಲಾಯಿತು. ಫಿಟ್ಸ್ ಪೂರ್ತಿ ನಿಂತಿಲ್ಲ, ಆದರೆ ತೀರಾ ಕಡಿಮೆಯಾಯಿತು. ಮಗಳು ನಮ್ಮ ಮುಖ ನೋಡಿ ನಗತೊಡಗಿದಳು.

ಆ ರಜೆಗೆ ಬಂದ ಅತ್ತಿಗೆ ಅವಳಿಗೊಂದು ಜಾಡಿ ಜೀಬ್ರಾ ಮೀನು ಕೊಟ್ಟು, ಅಜ್ಜಯ್ಯ ಉಪ್ಪುನೀರು ಹೊಯ್ದ ಹಳೆಯ ಕಥೆಯನ್ನೂ ದಿನಾ ಹೇಳಿ ಹೋದರು. ಕೆಲ ತಿಂಗಳ ಮೇಲೆ ಅಪ್ಪಯ್ಯ ಕಾಲುನೋವಿಗೆ ಕಾಯಿಸಿ ಹೊಯ್ದುಕೊಳ್ಳಲೆಂದು ಕಡಲ ನೀರು ತಂದು ಕೊಡವನ್ನು ಜಾಡಿಯ ಪಕ್ಕ ಇಳಿಸಿದರು. ಮಗಳು ಓಡಿಬಂದು ಜಾಡಿಯನ್ನು ತಬ್ಬಿಕೊಂಡಳು.

"ಅಜ್ಜಯ್ಯಾ, ಉಪ್ನೀರ್ ಬ್ಯಾಡ!"

ಅವಳಾಡಿದ ಮೊದಲ ಮಾತು. ನಾನು ಪುಣೆಗೆ ಫೋನ್ ಹಚ್ಚಿದೆ. ಅತ್ತಿಗೆಯ ದನಿ ಕೇಳಿದ್ದೇ ಅತ್ತುಬಿಟ್ಟೆ. ಅಪ್ಪಯ್ಯ ಫೋನ್ ಕಿತ್ತುಕೊಂಡರು.

"ಹೆಣೆ, ನಿನ್ ಮೀನ್ ಮಾತಾಡ್ತ್ ಕಾಣ್!"

ಅತ್ತಲಿಂದ ಅತ್ತಿಗೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ ಸಲ ಹೇಳ್ಸಿ, ಮಾವಯ್ಯ."