ಹಡಗಿನಲ್ಲಿ ಬಾರದ ತೊಲೆ

“ಬಿಳಿಯ ದೊರೆಗಳು ಹಡಗಿನಲ್ಲಿ ತೇಗ ತರಿಸಿ ನಮ್ಮ ಹಳೆಯ ಚರ್ಚನ್ನು ಕಟ್ಟಿಸಿದರು, ನಮ್ಮ ಹಿರಿಯರು ಬರಿಗೈಯಲ್ಲಿ ಬಂದು ಅದರ ನೆರಳಿನಲ್ಲಿ ಕುಳಿತರು.” ಹೊಸ ಚರ್ಚಿನ ಅಡಿಗಲ್ಲು ಸಮಾರಂಭದ ಆಮಂತ್ರಣದಲ್ಲಿ ಹೀಗೆ ಅಚ್ಚಾಗಿತ್ತು. ಲಿಂಗಸುಗೂರಿನ ಹತ್ತಿರದ ನಮ್ಮ ಹಳೆಯ ಕೇರಿಯಲ್ಲಿ ಈ ಮಾತನ್ನು ಹೇಳದವರಿಲ್ಲ. ನಾನು ಒಪ್ಪುವುದಿಲ್ಲ. ಆ ಚರ್ಚಿನ ಬಾಗಿಲ ಮೇಲೆ ಅಡ್ಡಲಾಗಿದ್ದ ತೊಲೆ ನನ್ನ ಅಪ್ಪನ ಬಿತ್ತುವ ಕೂರಿಗೆಯ ದಿಂಡು, ಅದರ ಅಡ್ಡಮರ. ಅಡಿಗಲ್ಲು ಬೀಳುವ ಮೊದಲೇ ಇದನ್ನು ಹೇಳಬೇಕೆಂದು ಜನವರಿಯ ಒಂದು ಬೆಳಿಗ್ಗೆ ಸಿಂಧನೂರಿನಲ್ಲಿ ಬಸ್ಸು ಹತ್ತಿದೆ.

ಸಮಾರಂಭದ ಊಟಕ್ಕೆ ನನ್ನ ಪಾಲೆಂದು ಗೊರೇಬಾಳದ ಅಕ್ಕಿಯ ಚೀಲವೊಂದನ್ನು ತಂದಿದ್ದೆ. ಕಂಡಕ್ಟರ್ ಅದನ್ನು ಕಾಲಿನಿಂದ ತಟ್ಟಿ ನೋಡಿದ.

“ಮುತ್ಯಾ, ಇದಕ್ಕೂ ಟಿಕೇಟ್ ಆಗ್ತೈತ್ರಿ.”

“ಹೆಣ್ಮಕ್ಕಳಿಗೆ ಪುಗಸಟ್ಟೆ ಬಿಟ್ಟೀರಿ, ನನ್ನ ಅಕ್ಕಿ ಏನ್ ತಪ್ಪು ಮಾಡೈತಪಾ?”

ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು, “ಚೀಲಕ್ಕ ಸೀರಿ ಉಡಸ್ರಿ ಮುತ್ಯಾ, ಆಧಾರ್ ಕಾರ್ಡ್ ನಾ ಕೊಡ್ತೀನಿ” ಎಂದಳು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಗುತ್ತಲೇ ಟಿಕೇಟು ಹರಿದು ಕೊಟ್ಟ.

ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಹೆಂಗಸರು ಸಾಲು ಹಿಡಿದು ಸಸಿ ನೆಡುತ್ತಿದ್ದರು. ನಾನು ಬಾಲಕನಾಗಿದ್ದಾಗ ಅಪ್ಪ ಈ ನೀರನ್ನು ನಂಬಿ ನಮ್ಮನ್ನು ಇತ್ತ ಕರೆತಂದ. ಅಂದಿನಿಂದ ಅನ್ನ ಉಣ್ಣುತ್ತಿದ್ದೇನೆ. ಕನಸಿನಲ್ಲಿ ಕಾಣುವುದು ಮಾತ್ರ ಜೋಳದ ಹೊಲ.

ಮಸ್ಕಿಯಲ್ಲಿ ಬಸ್ಸು ನಿಂತಾಗ ಒಗ್ಗರಣೆ ಮಂಡಾಳು, ಮಿರ್ಚಿ ತಿಂದು ಚಹಾ ಕುಡಿದೆ. ಇಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರು ಕೊರೆದಿರುವುದರಿಂದ ಅವನ ಮಾತನ್ನು ಲೋಕ ನಂಬಿತು. ನನ್ನ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಬಂಡೆಯೂ ಅವನದಾಗಿರಲಿಲ್ಲ.

ಸಂತೆಕಲ್ಲೂರಿನ ಕಡೆಗೆ ಸಾಗಿದಂತೆ ನೀರು ಮುಗಿದು ಎರೆಮಣ್ಣು ತೆರೆದುಕೊಂಡಿತು. ತೆನೆ ಹೊತ್ತ ಬಿಳಿಜೋಳ ಗಾಳಿಗೆ ತೂಗುತ್ತಿತ್ತು. ಲಾವಣಿಗೆ, ಅಂದರೆ ಗೇಣಿಗೆ ಹಿಡಿದ ಇಂಥದೇ ಹೊಲದಲ್ಲಿ ಅಪ್ಪ ಎತ್ತು ಹೊಡೆಯುತ್ತಿದ್ದ. ಅವ್ವ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ದಿಂಡಿಗೆ ಮೂರು ತೂತು, ಅವುಗಳಲ್ಲಿ ನೆಲ ಸೀಳುವ ಮೂರು ತಾಳು. ನಡುವಿನ ತಾಳು ಮುರಿದಾಗ ಸಿಕ್ಕ ಹೊಸದು ದಪ್ಪವಾಗಿತ್ತು. ಅಪ್ಪ ಕಬ್ಬಿಣ ಕಾಯಿಸಿ ನಡುವಿನ ತೂತನ್ನು ಸುಟ್ಟು ಅಗಲಿಸಿದ. ಆ ಸುಟ್ಟ ಜಾಲಿಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಬಿತ್ತಿಗೆ ಮುಗಿದ ಮೇಲೆ ಅದೇ ದಿಂಡನ್ನು ಬಿಚ್ಚಿ ಚರ್ಚಿನ ಬಾಗಿಲಿಗೆ ಕೊಟ್ಟ. ಮರುವರ್ಷ ಕೂರಿಗೆಯನ್ನು ಎರವಲು ತಂದು ಬಿತ್ತಿದೆವು. ದೊರೆ ಸುಣ್ಣ ಕೊಟ್ಟಿರಬಹುದು, ಅದನ್ನು ಅಲ್ಲಗಳೆಯಲಾರೆ. ಆ ಸುಣ್ಣವೇ ತೂತುಗಳನ್ನು ಮುಚ್ಚಿತು.

ಲಿಂಗಸುಗೂರಿನಲ್ಲಿ ಇಳಿದು ಶೇರ್ ಆಟೋದಲ್ಲಿ ಕೇರಿ ಸೇರಿದೆ. ಬಗ್ಗಿ ಒಳಹೋಗಬೇಕಾಗಿದ್ದ ಆ ಗಿಡ್ಡ ಚರ್ಚು ಇರಲಿಲ್ಲ, ಪೂರ್ತಿ ಕೆಡವಿದ್ದರು. ಅದರ ಜಾಗದಲ್ಲಿ ತೋಡಿದ ಪಾಯ, ಬಣ್ಣದ ಶಾಮಿಯಾನ, ಹೊಸ ಸೀರೆಯ ಹೆಂಗಸರು. ಹಿಂದುಗಡೆ ಅಡುಗೆಯ ಯೇಸಪ್ಪ ಒಲೆಯ ಪಕ್ಕ ಕಟ್ಟಿಗೆ ಒಟ್ಟಿದ್ದ. ರಾಶಿಯ ಮೇಲೆಯೇ ಸುಣ್ಣ ಬಳಿದ ಆ ತೊಲೆ ಇತ್ತು.

“ಏ ಯೇಸಪ್ಪ, ಇದನ್ನ ಸುಡಾಕತ್ತಿ ಏನು?”

“ಹೌದ್ರಿ ಕಾಕಾ. ಹಡಗದಾಗ ಬಂದ ತೇಗ ಅಂತ ಮಾರಾಕ ಹೋದ್ವಿ. ಕೊಳ್ಳಾಂವ ಬಂದು ಕೆತ್ತಿ ನೋಡಿ, ಇದು ಜಾಲಿ ಅಂತ ನಕ್ಕು ಹೋದ. ಜಾಲಿ ಛಲೋ ಉರಿತೈತಿ ಬಿಡ್ರಿ.”

ನಾನು ತೊಲೆಯ ಮೇಲೆ ಕುಳಿತುಬಿಟ್ಟೆ.

“ಏಳ್ರಿ ಕಾಕಾ, ಎಸರು ಇಡಬೇಕು. ಜನ ಹಸದಾರ.”

“ಹಸೀಲಿ.”

ಗದ್ದಲ ಕೇಳಿ ಹರೆಯದ ಪಾಸ್ಟರ್ ಬಂದರು. ಅವರಿಗೆ ಎಲ್ಲವನ್ನೂ ಹೇಳಿದೆ. “ನಿಮ್ಮಂಥ ಹಿರಿಯರ ಮಾತಿಗೂ ಪುರಾವೆ ಬೇಕಲ್ರೀ?” ಎಂದರು.

“ಸುಣ್ಣ ಕೆತ್ತಸ್ರಿ. ಮೂರು ತೂತು ಇರಬೇಕು, ನಡುವಿಂದು ಅಗಲ ಇರಬೇಕು, ಒಳಗ ಸುಟ್ಟ ಕರಿ ಇರಬೇಕು. ಇರಲಿಲ್ಲ ಅಂದ್ರ ನಾನೇ ಒಲಿಗೆ ಹಾಕಿ, ಬಾಯಿ ಮುಚ್ಚಿಕೊಂಡು ಊರಿಗೆ ಹೋಗ್ತೀನಿ.”

ಯೇಸಪ್ಪ ಕೊಡಲಿಯ ತುದಿಯಿಂದ ಕೆತ್ತಿದ. ಮೊದಲ ತೂತು ಬಂತು. ಎರಡನೆಯ ಕಡೆ ಸುಣ್ಣ ಗಟ್ಟಿಯಾಗಿತ್ತು. ಕೊನೆಗೆ ಗಚ್ಚು ಉದುರಿತು. ಪಾಸ್ಟರ್ ಎರಡು ಬೆರಳು ತೂರಿಸಿ ಹೊರತೆಗೆದರು. ಬೆರಳಿಗೆ ಕಪ್ಪು ಹತ್ತಿತ್ತು. ಮೂರನೆಯದನ್ನೂ ಕೆತ್ತಿಸಿದರು, ಅದರಲ್ಲಿ ಒಂದೇ ಬೆರಳು ಹಿಡಿಯಿತು.

“ಎಲಾ ಇವನ, ಕೂರಿಗಿ ಸುಡಾಕ ಹೊಂಟಿದ್ನಲ್ರೀ” ಎಂದು ಯೇಸಪ್ಪ ಕೊಡಲಿ ಕೆಳಗಿಟ್ಟ.

ಸಮಾರಂಭ ನಡೆಯಿತು. ಹಾಡಾಯಿತು, ಪ್ರಾರ್ಥನೆಯಾಯಿತು, ಮಕ್ಕಳು ಮುದುಕರೆನ್ನದೆ ಎಲ್ಲರೂ ಪಾಯಕ್ಕೆ ಒಂದೊಂದು ಬುಟ್ಟಿ ಕಾಂಕ್ರೀಟು ಸುರಿದರು. ನಾನೂ ಸುರಿದೆ. ಪಾಸ್ಟರ್ ತಮ್ಮ ಮಾತಿನಲ್ಲಿ ಹಡಗನ್ನು ಬಿಟ್ಟರು, ಬರಿಗೈಯನ್ನೂ ಬಿಟ್ಟರು. ಕೂರಿಗೆಯನ್ನು ಮಾತ್ರ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ.

“ಕಮಿಟಿಯವರು ಬೆರಳು ಹಾಕಿ ನೋಡ್ಲಿ, ಆಮ್ಯಾಲ ಹೇಳ್ತೀನ್ರಿ” ಎಂದರು. ನನಗೆ ಆ ಉತ್ತರ ಹಿಡಿಸಿತು. ಕೇಳಿದ್ದನ್ನೇ ನಂಬುವವರಿಗಿಂತ ಬೆರಳು ಹಾಕಿ ನೋಡುವವರು ಮೇಲು.

ಸಂಜೆಯ ಆಟೋ ಹತ್ತುವ ಮುನ್ನ ತಿರುಗಿ ನೋಡಿದೆ. ಹೊಸ ಗೋಡೆ ಏಳುವವರೆಗೆ ತೊಲೆಯನ್ನು ಪಾಸ್ಟರ್ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದ್ದರು. ಅದು ಅಲ್ಲಿಯೇ ಇದೆ. ಆ ಮನೆಗೆ ಬೀಗ ಹಾಕುವ ರೂಢಿಯಿಲ್ಲ. ಸಂಶಯವಿದ್ದವರು ಹೋಗಿ ನಡುವಿನ ತೂತಿಗೆ ಬೆರಳು ಹಾಕಿ ನೋಡಬಹುದು.